ಪತ್ತನಾಜೆ ಇಲ್ಲದ ಪರದೆ

ತುಳುವರ ಬೇಶ್ಯ ತಿಂಗಳ ಹತ್ತನೆಯ ದಿನ ಪತ್ತನಾಜೆ. ಮೇ ಕೊನೆಯ ವಾರದಲ್ಲಿ ಬರುವ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ಆಮೇಲೆ ಮಳೆ, ಉಳುಮೆ, ನೇಜಿ. ದೀಪಾವಳಿ ಕಳೆದ ಮೇಲೆ ಮತ್ತೆ ದೈವದ ಭಂಡಾರ ಹೊರಡುತ್ತದೆ. ನಡುವಿನ ತಿಂಗಳುಗಳ ಮೌನವೂ ಆರಾಧನೆಯ ಅಂಗವೇ. ಮೊಬೈಲಿನ ಪರದೆಗೆ ಮಾತ್ರ ಪತ್ತನಾಜೆ ಇಲ್ಲ. ಆಟಿ ತಿಂಗಳ ಜಡಿಮಳೆಯಲ್ಲೂ ಮಂಗಳೂರಿನ ಸಿಟಿ ಬಸ್ಸಿನಲ್ಲಿ, ಬೆಂಗಳೂರಿನ ಮೆಟ್ರೋದಲ್ಲಿ, ದುಬೈಯ ಬಾಡಿಗೆ ಕೋಣೆಯಲ್ಲಿ ಪಂಜುರ್ಲಿ ನರ್ತಿಸುತ್ತದೆ, ಗುಳಿಗ ಅಬ್ಬರಿಸುತ್ತಾನೆ. ಬೆರಳು ಸರಿಸಿದರೆ ದೈವ ಹೋಗಿ ಅಡುಗೆ ಬರುತ್ತದೆ, ಅಡುಗೆ ಹೋಗಿ ಕ್ರಿಕೆಟ್ ಬರುತ್ತದೆ.

ಕೋಲದ ರೀಲ್ಸ್ ಎಂಬುದು ಈಗ ಯಾರೋ ಕುತೂಹಲಕ್ಕೆ ಹಿಡಿದ ಬಿಡಿ ವಿಡಿಯೊಗಳ ರಾಶಿಯಾಗಿ ಉಳಿದಿಲ್ಲ. ಅದಕ್ಕೊಂದು ವ್ಯಾಕರಣ ಬಂದಿದೆ, ಅದನ್ನೇ ಕಸುಬು ಮಾಡಿಕೊಂಡವರಿದ್ದಾರೆ, ನೋಡುವವರಲ್ಲಿ ಒಂದು ಅಭಿರುಚಿ ರೂಢಿಯಾಗಿದೆ. ಕರಾವಳಿಯ ಸಂಸ್ಕೃತಿಯ ಬಗ್ಗೆ ಹೊರಗಿನವರ ತಿಳಿವಳಿಕೆಯನ್ನು ಇಂದು ಯಾವ ಪುಸ್ತಕಕ್ಕಿಂತ ಹೆಚ್ಚಾಗಿ ಈ ತುಣುಕುಗಳೇ ರೂಪಿಸುತ್ತಿವೆ. ಕರಾವಳಿಯ ಮಕ್ಕಳು ತಮ್ಮನ್ನು ತಾವು ಕಂಡುಕೊಳ್ಳುವ ಬಗೆಯನ್ನೂ ಅವೇ ತಿದ್ದುತ್ತಿವೆ. ಆದ್ದರಿಂದ ಒಂದು ನಾಟಕವನ್ನೋ ಕಾದಂಬರಿಯನ್ನೋ ನೋಡುವಷ್ಟೇ ಗಂಭೀರವಾಗಿ ಇವನ್ನು ನೋಡಿ, ಇವುಗಳ ಗುಣದೋಷ ಹೇಳಬೇಕಾಗಿದೆ.

ಇದು ಬಂದ ದಾರಿ ಸ್ಪಷ್ಟವಾಗಿದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು, ಹಳ್ಳಿಯ ಕೈಗೂ ವಿಡಿಯೊ ಸಿಕ್ಕಿತು. 2020ರ ಜೂನ್ ಕೊನೆಯಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ತೆರೆಯಿತು. ಮೊದಲಿಗೆ ಒಂದು ರೀಲ್‌ನ ಉದ್ದ 15 ಸೆಕೆಂಡು. 2022ರ ಸೆಪ್ಟೆಂಬರ್ 30ರಂದು ರಿಷಬ್ ಶೆಟ್ಟರ ‘ಕಾಂತಾರ’ ತೆರೆಕಂಡಿತು. ಪಂಜುರ್ಲಿ, ಗುಳಿಗ ಎಂಬ ಹೆಸರುಗಳು ಘಟ್ಟ ಹತ್ತಿ ಇಡೀ ದೇಶಕ್ಕೆ ಹಬ್ಬಿದವು. ಅಗ್ಗದ ಡೇಟಾ, ತುಂಡು ವಿಡಿಯೊ, ದೊಡ್ಡ ಸಿನಿಮಾ: ಈ ಮೂರು ಕೂಡಿದ ಕಡೆ ಕೋಲದ ರೀಲ್ಸ್ ಹುಟ್ಟಿತು.

ಒಂದು ಮಾದರಿ ತುಣುಕನ್ನು ನಿಧಾನವಾಗಿ ನೋಡೋಣ. ಮೊದಲ ಕ್ಷಣಕ್ಕೇ ಬೆಂಕಿ: ಎರಡು ಕೈಯಲ್ಲೂ ದೊಂದಿ ಹಿಡಿದ ದೈವ ಕ್ಯಾಮೆರಾದ ಕಡೆಗೆ ನುಗ್ಗುತ್ತದೆ. ಆಮೇಲೆ ವೇಗ ಇಳಿಸಿ, ಬೆನ್ನಿಗೆ ಕಟ್ಟಿದ ಅಣಿ ತಿರುಗುವುದನ್ನು ತೇಲಿಸಿ ತೋರಿಸುತ್ತಾರೆ. ಬಣ್ಣ ಹೆಚ್ಚಿಸಿರುತ್ತಾರೆ, ಕೆಂಪು ಇನ್ನಷ್ಟು ಕೆಂಪಾಗಿರುತ್ತದೆ. ಅಲ್ಲಿ ನಿಜವಾಗಿ ಮೊಳಗುತ್ತಿದ್ದ ಡೋಲು, ನಾಗಸ್ವರ, ತಾಸೆಯ ಸದ್ದು ಅಳಿಸಿಹೋಗಿರುತ್ತದೆ, ಆ ಜಾಗದಲ್ಲಿ ಸಿನಿಮಾದ ಹಾಡು ಕೂತಿರುತ್ತದೆ. ಕೊನೆಗೆ ಒಂದು ಕೂಗು, ಒಂದು ಜಿಗಿತ, ಮತ್ತೆ ಮೊದಲಿನಿಂದ. ಕೆಳಗೆ ನಾಲ್ಕಾರು ದೈವಗಳ ಹೆಸರನ್ನು ಒಟ್ಟಿಗೇ ಹ್ಯಾಶ್‌ಟ್ಯಾಗ್ ಮಾಡಿರುತ್ತಾರೆ. ಇದು ಜುಮಾದಿಯೋ ಜಾರಂದಾಯನೋ ಕೊಡಮಣಿತ್ತಾಯನೋ ಎಂದು ತಿಳಿಯದವನಿಗೆ ತಿಳಿಯುವುದಿಲ್ಲ. ಊರಿನ ಹೆಸರಿಲ್ಲ, ಮನೆತನದ ಹೆಸರಿಲ್ಲ. ದೈವ ಕಟ್ಟಿದವರ ಹೆಸರಂತೂ ಇರುವುದೇ ಅಪರೂಪ.

ಈ ರೂಪ ಹೀಗೇಕೆ ಎಂಬುದಕ್ಕೆ ಮಾಡಿದವರ ಭಕ್ತಿಯ ಕೊರತೆಯನ್ನು ದೂರಿ ಫಲವಿಲ್ಲ. ಇವರಲ್ಲಿ ಎಷ್ಟೋ ಮಂದಿ ಕೋಲದ ಮನೆಯ ಮಕ್ಕಳೇ. ಒಂದು ತುಣುಕನ್ನು ಎಷ್ಟು ಜನ ಕೊನೆತನಕ ನೋಡಿದರು, ಎಷ್ಟು ಜನ ಮತ್ತೆ ನೋಡಿದರು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು ಎಂಬ ಲೆಕ್ಕದ ಮೇಲೆ ಅಲ್ಗಾರಿದಂ ಅದನ್ನು ಮುಂದಕ್ಕೆ ತಳ್ಳುತ್ತದೆ. ಮೊದಲ ಎರಡು ಸೆಕೆಂಡಿನಲ್ಲಿ ಕಣ್ಣನ್ನು ಕಟ್ಟಿಹಾಕದಿದ್ದರೆ ಆ ವಿಡಿಯೊ ಅಲ್ಲೇ ಮುಗಿಯಿತು. ಬೆಂಕಿ ಕಟ್ಟಿಹಾಕುತ್ತದೆ, ಜಿಗಿತ ಕಟ್ಟಿಹಾಕುತ್ತದೆ. ಕಣ್ಣು ಮುಚ್ಚಿ ಕೂತು ದೈವದ ಕಥೆಯ ಹಾಡಾದ ಪಾಡ್ದನ ಹೇಳುವ ಮುದುಕಿ ಕಟ್ಟಿಹಾಕುವುದಿಲ್ಲ. ಹುಡುಗರು ಇದನ್ನು ಒಂದೆರಡು ತಿಂಗಳಲ್ಲಿ ಅನುಭವದಿಂದಲೇ ಕಲಿಯುತ್ತಾರೆ, ಆಮೇಲೆ ಕೋಲಕ್ಕೆ ಹೋದಾಗ ಅಬ್ಬರ ಬರುವ ತನಕ ಕ್ಯಾಮೆರಾವನ್ನೇ ತೆರೆಯುವುದಿಲ್ಲ.

ಅಬ್ಬರ ಬರುವ ಮೊದಲು ಏನೆಲ್ಲ ನಡೆದಿರುತ್ತದೆ? ಭಂಡಾರ ಮನೆಯಿಂದ ಕೋಲ ನಡೆಯುವ ಕೊಡಿಯಡಿಗೆ ಬಂದಿರುತ್ತದೆ. ದೈವ ಕಟ್ಟುವವರಿಗೆ ಎಣ್ಣೆಬೂಳ್ಯ ಕೊಟ್ಟಾಗಿರುತ್ತದೆ. ಎಣ್ಣೆ, ವೀಳ್ಯ ಕೈಗೆ ಬಂದ ಮೇಲೆ ಅವರು ಆ ರಾತ್ರಿಯ ಚಾಕರಿಗೆ ಬದ್ಧರು. ಮಿಂದು ಬಂದು ಬಣ್ಣಕ್ಕೆ ಕೂರುತ್ತಾರೆ. ಅರದಾಳದ ಹಳದಿ ಮುಖವೆಲ್ಲ ಹರಡುತ್ತದೆ, ಅದರ ಮೇಲೆ ಕಪ್ಪು, ಬಿಳಿ, ಕೆಂಪಿನ ಗೆರೆಗಳು. ಯಾವ ದೈವಕ್ಕೆ ಯಾವ ಗೆರೆ ಎಂಬುದು ಮನೆತನದಿಂದ ಮನೆತನಕ್ಕೆ ಬಂದ ತಿಳಿವು. ಪಕ್ಕದಲ್ಲಿ ಅವರ ಮನೆಯ ಹೆಂಗಸು ತೆಂಬರೆ ಬಾರಿಸುತ್ತ ಆ ದೈವದ ಪಾಡ್ದನ ಹೇಳುತ್ತಾರೆ: ಎಲ್ಲಿ ಹುಟ್ಟಿತು, ಯಾವ ಅನ್ಯಾಯಕ್ಕೆ ಸಿಕ್ಕಿತು, ಹೇಗೆ ಮಾಯವಾಯಿತು, ಯಾವ ದಾರಿಯಲ್ಲಿ ನಡೆದು ಈ ಊರಿಗೆ ಬಂದು ನೆಲೆಯಾಯಿತು. ತೆಂಗಿನ ಸಿರಿ ಸೀಳಿ ಸೊಂಟಕ್ಕೆ ಕಟ್ಟುತ್ತಾರೆ. ಕಾಲಿಗೆ ಗಗ್ಗರ ಕಟ್ಟುತ್ತಾರೆ. ಬೆನ್ನಿಗೆ ಅಣಿ ಏರುತ್ತದೆ. ಇಷ್ಟಾಗುವಾಗ ನಡುರಾತ್ರಿ ದಾಟಿರುತ್ತದೆ.

ಜಿಗಿತ ನಿಂತ ಮೇಲೂ ಕೋಲ ಮುಗಿಯುವುದಿಲ್ಲ. ನಿಜವಾದ ಕೆಲಸ ಶುರುವಾಗುವುದೇ ಆಗ. ದೈವದ ಚಾಕರಿಯ ಮುಂದಾಳುಗಳಾದ, ಗಡಿ ಹಿಡಿದವರು ಕೈಮುಗಿದು ನಿಲ್ಲುತ್ತಾರೆ, ದೈವಕ್ಕೆ ಬಿನ್ನಹವಾದ ಮದಿಪು ಹೇಳುತ್ತಾರೆ. ದೈವ ನುಡಿ ಕೊಡುತ್ತದೆ. ಯಾವ ಅಣ್ಣ ತಮ್ಮಂದಿರು ಜಾಗದ ಗಡಿಗೆ ಕಚ್ಚಾಡಿಕೊಂಡಿದ್ದಾರೆ, ಯಾರು ಹರಕೆ ಹೇಳಿ ಮರೆತಿದ್ದಾರೆ, ಮುಂಬೈಗೆ ಹೋದ ಮಗ ತಾಯಿಯನ್ನು ವಿಚಾರಿಸುತ್ತಿಲ್ಲವೇಕೆ, ಎಲ್ಲವೂ ಅಲ್ಲಿ ಮಾತಾಗುತ್ತದೆ. ದೈವ ಗದರುತ್ತದೆ, ಸಮಾಧಾನ ಹೇಳುತ್ತದೆ, ಇಬ್ಬರ ಕೈ ಕೂಡಿಸುತ್ತದೆ. ಭೂಮಾಲೀಕರ ಗುತ್ತಿನ ಮನೆಯ ಯಜಮಾನ ಆ ಹೊತ್ತು ತಲೆ ತಗ್ಗಿಸಿ ಕೇಳಲೇಬೇಕು. ದೈವ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ಇವು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಸಮುದಾಯಗಳು. ಹಗಲಿನಲ್ಲಿ ಅಂಗಳದ ಆಚೆ ನಿಂತು ಮಾತಾಡಬೇಕಾಗಿದ್ದ ಮನುಷ್ಯ ರಾತ್ರಿ ಅದೇ ಅಂಗಳದ ನಡುವೆ ನಿಂತು ಯಜಮಾನನನ್ನು ಪ್ರಶ್ನಿಸುತ್ತಾನೆ. ತುಳುನಾಡಿನ ಸಾಮಾಜಿಕ ಬದುಕಿನಲ್ಲಿ ಇದಕ್ಕಿಂತ ದೊಡ್ಡ ನಾಟಕೀಯ ಗಳಿಗೆ ಇನ್ನೊಂದಿಲ್ಲ. ಆದರೆ ಅದು ನಡೆಯುವುದು ಮಾತಿನಲ್ಲಿ, ಅದೂ ತುಳುವಿನಲ್ಲಿ, ಎರಡು ಮೂರು ತಾಸು. ಆದ್ದರಿಂದ ರೀಲ್ಸ್‌ಗೆ ಅದು ಬೇಡ.

ಬೇಡ ಎನ್ನುವುದಕ್ಕಿಂತ ಕೆಟ್ಟದ್ದೂ ಆಗುತ್ತದೆ. ಕೆಲವೊಮ್ಮೆ ನುಡಿಯ ಒಂದು ತುಂಡನ್ನು ಕತ್ತರಿಸಿ ಹಾಕುತ್ತಾರೆ. ಒಂದು ಕುಟುಂಬ ತನ್ನ ದೈವದ ಮುಂದೆ ಬಿಚ್ಚಿಟ್ಟ ನೋವು, ನೆಲದ ತಕರಾರು, ಮನೆಯ ಹೆಣ್ಣುಮಗಳ ಕಣ್ಣೀರು ಲಕ್ಷಾಂತರ ಅಪರಿಚಿತರ ಮುಂದೆ ಹೋಗುತ್ತದೆ. ಆ ಊರಿಗೆ, ಆ ವರ್ಷಕ್ಕೆ ಹೇಳಿದ ಮಾತು ಇಡೀ ದೇಶದ ಭವಿಷ್ಯವಾಣಿಯಾಗಿ ತಿರುಗುತ್ತದೆ. ಕೋಲದಲ್ಲಿ ಹತ್ತು ಸಮಸ್ತರು ಸಾಕ್ಷಿಗೆ ಇರುತ್ತಾರೆ. ಅವರು ಆ ಮಾತಿನ ಹೊಣೆ ಹೊತ್ತವರು; ಕೂಡಿಸಿದ ಕೈ ಮತ್ತೆ ಬಿಟ್ಟುಹೋದರೆ ಮುಂದಿನ ವರ್ಷ ಉತ್ತರ ಕೊಡಬೇಕಾದವರು. ಪರದೆಯ ಮುಂದಿನ ವೀಕ್ಷಕನಿಗೆ ಅಂಥ ಯಾವ ಹೊಣೆಯೂ ಇಲ್ಲ.

ಪಾಡ್ದನ ಬಿಟ್ಟುಹೋದರೆ ಏನು ನಷ್ಟ ಎಂಬುದಕ್ಕೆ ಕೊರಗಜ್ಜನೇ ಉದಾಹರಣೆ. ಮಂಗಳೂರಿನ ಹತ್ತಿರದ ಕುತ್ತಾರಿಗೆ ಇಂದು ದೂರದೂರದಿಂದ ಜನ ಬರುತ್ತಾರೆ. ಕಳೆದುಹೋದ ಒಡವೆ ಸಿಗಲೆಂದು, ಕೆಲಸ ಸಿಗಲೆಂದು ಚಕ್ಕುಲಿ, ವೀಳ್ಯ, ಮದ್ಯದ ಹರಕೆ ಹೇಳುತ್ತಾರೆ. ಕಾರಿನ ಗಾಜಿನ ಮೇಲೆ, ಮೊಬೈಲಿನ ಮುಖಪುಟದ ಮೇಲೆ ಅಜ್ಜನ ಚಿತ್ರವಿದೆ. ಹರಕೆ ಫಲಿಸಿದ ಕಥೆಗಳು ವಿಡಿಯೊಗಳಲ್ಲಿ ಸಾಲುಸಾಲಾಗಿ ಬರುತ್ತವೆ. ಜನರ ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಕಷ್ಟದಲ್ಲಿರುವವರಿಗೆ ಅಜ್ಜ ಹತ್ತಿರದವನಾಗಿ ಕಂಡರೆ ಅದು ಒಳ್ಳೆಯದೇ.

ಆದರೆ ಅಜ್ಜನ ಪಾಡ್ದನ ಹೇಳುವುದು ಬೇರೆಯೇ ಸಂಗತಿ. ಪಾಠಭೇದಗಳು ಹಲವಿದ್ದರೂ ತಿರುಳು ಒಂದೇ. ತಬ್ಬಲಿ ಕೊರಗ ಹುಡುಗ ತನಿಯನನ್ನು ಕಳ್ಳು ಮಾರುವ ಮೈರಕ್ಕೆ ಬೈದೆದಿ ಕರೆತಂದು ಮಗನಂತೆ ಸಾಕುತ್ತಾಳೆ. ಬಹಳ ಮಂದಿ ಸೇರಿ ಹೊರಬೇಕಾದ ಹರಕೆಯ ಹೊರೆಯನ್ನು ಅವನೊಬ್ಬನೇ ಹೊತ್ತು ದೇವಸ್ಥಾನಕ್ಕೆ ತರುತ್ತಾನೆ. ಹೊರೆ ಒಳಗೆ ಹೋಗುತ್ತದೆ, ಅವನನ್ನು ಹೊರಗೆ ನಿಲ್ಲಿಸುತ್ತಾರೆ. ತಾನು ಹೊತ್ತು ತಂದದ್ದು ಆಗುತ್ತದಾದರೆ ತಾನೇಕೆ ಆಗುವುದಿಲ್ಲ ಎಂದು ಅವನು ಕೇಳುತ್ತಾನೆ. ಅಲ್ಲಿಯ ಮರದ ಹಣ್ಣಿಗೆ ಕೈ ಚಾಚಿದವನು ಮಾಯವಾಗುತ್ತಾನೆ, ದೈವವಾಗುತ್ತಾನೆ. ಅಸ್ಪೃಶ್ಯತೆಯ ವಿರುದ್ಧ ಇಷ್ಟು ನೇರವಾದ ಪ್ರಶ್ನೆ ನಮ್ಮ ಮೌಖಿಕ ಸಾಹಿತ್ಯದಲ್ಲಿ ವಿರಳ. ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು ಎಂದರೆ ಆ ಪ್ರಶ್ನೆ ಎಷ್ಟು ಕಾಲ ಉತ್ತರವಿಲ್ಲದೆ ಉಳಿದಿತ್ತು ಎಂದು ತಿಳಿಯುತ್ತದೆ. ತುಂಡು ವಿಡಿಯೊಗಳ ಲೋಕ ಅಜ್ಜನನ್ನು ಉಳಿಸಿಕೊಂಡು ಅವನ ಪ್ರಶ್ನೆಯನ್ನು ಬಿಟ್ಟುಬಿಟ್ಟಿದೆ. ಅವನನ್ನು ಆರಾಧಿಸುವ ಎಷ್ಟೋ ಮಂದಿಗೆ ಅವನು ಕೊರಗ ಹುಡುಗ ಎಂಬುದು ಬರಿಯ ಹೆಸರಿನ ಭಾಗ. ಈ ಆರಾಧನೆಯ ಅತಿ ಹರಿತವಾದ ಭಾಗವನ್ನೇ ಇಂಟರ್‌ನೆಟ್ ಮೊಂಡು ಮಾಡಿದೆ.

ಹೊರಗಿನ ಮಾಧ್ಯಮ ಕೋಲವನ್ನು ಹಿಡಿದಿಡಲು ಹೊರಟಿದ್ದು ಇದೇ ಮೊದಲಲ್ಲ. 1886ರಲ್ಲಿ ಬಾಸೆಲ್ ಮಿಶನ್ನಿನ ಮ್ಯಾನರ್ ಮಂಗಳೂರಿನಲ್ಲಿ ‘ಪಾಡ್ದನೊಳು’ ಅಚ್ಚು ಹಾಕಿಸಿದರು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಬರ್ನೆಲ್ ಕೂಡಿಹಾಕಿದ ತುಳು ಪಾಡ್ದನಗಳು, ಆರಾಧನೆಯ ವಿವರಗಳು ಅವರು ತೀರಿಕೊಂಡ ಮೇಲೆ 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬಂದವು. ಅವರಿಬ್ಬರ ದೃಷ್ಟಿಯಲ್ಲಿ ಇದು ಅನ್ಯರ ವಿಚಿತ್ರ ಆಚರಣೆಯಾಗಿತ್ತು, ನಿಜ. ಆದರೂ ಆ ಪುಟಗಳಲ್ಲಿ ಮಾತು ಉಳಿಯಿತು. ಅಚ್ಚು ಮಾತನ್ನು ತೆಗೆದುಕೊಂಡು ಮೈಯನ್ನು ಬಿಟ್ಟಿತು: ಕುಣಿತವಿಲ್ಲ, ಬಣ್ಣವಿಲ್ಲ, ದನಿಯಿಲ್ಲ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಬಂದ ರೀಲ್ಸ್ ಮೈಯನ್ನು ತೆಗೆದುಕೊಂಡು ಮಾತನ್ನು ಬಿಟ್ಟಿದೆ. ಎರಡೂ ಅರೆಬರೆ. ವ್ಯತ್ಯಾಸವೆಂದರೆ ಅಚ್ಚಿಗೆ ಮೈಯನ್ನು ಹಿಡಿಯುವ ಶಕ್ತಿಯೇ ಇರಲಿಲ್ಲ. ಇಂಟರ್‌ನೆಟ್ಟಿಗೆ ಎರಡನ್ನೂ ಹಿಡಿಯುವ ಶಕ್ತಿ ಇದೆ. ನಾವು ಅದನ್ನು ಬಳಸುತ್ತಿಲ್ಲ.

ಆ ಶಕ್ತಿಯನ್ನು ಶ್ರದ್ಧೆಯಿಂದ ಬಳಸಿದರೆ ಏನಾಗಬಹುದು ಎಂಬುದಕ್ಕೆ ನಮ್ಮಲ್ಲೇ ಒಂದು ಮೇಲ್ಪಂಕ್ತಿಯಿದೆ. 1990ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರ ತಂಡ ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು ಹೇಳಿದ ಸಿರಿ ಮಹಾಕಾವ್ಯವನ್ನು ದಿನಗಟ್ಟಲೆ ಕೂತು ವಿಡಿಯೊದಲ್ಲಿ ದಾಖಲಿಸಿತು. ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ಜೊತೆಗಿದ್ದರು. ಮಾತನ್ನೆಲ್ಲ ಬರೆದು, ಅನುವಾದಿಸಿ, 15,683 ಸಾಲುಗಳ ಕಾವ್ಯವನ್ನು 1998ರಲ್ಲಿ ಪ್ರಕಟಿಸಿದರು. ಆ ಗ್ರಂಥದ ಹೆಸರಿನಲ್ಲೇ ಗೋಪಾಲ ನಾಯ್ಕರ ಹೆಸರಿದೆ. ಅಕ್ಷರ ಓದದ ಕೃಷಿಕನೊಬ್ಬ ಜಗತ್ತಿನ ಜಾನಪದ ವಿದ್ವತ್ತಿನ ಮುಂದೆ ಕವಿಯಾಗಿ ನಿಂತರು. ಹೊಂಕೊ ತಂಡದ ಕೈಯಲ್ಲಿದ್ದುದು ಆ ಕಾಲದ ಭಾರದ ಕ್ಯಾಮೆರಾ, ಟೇಪು. ಇಂದು ಕೋಲದ ಗದ್ದೆಗೆ ಬರುವ ಪ್ರತಿಯೊಬ್ಬರ ಜೇಬಿನಲ್ಲೂ ಅದಕ್ಕಿಂತ ಉತ್ತಮ ಕ್ಯಾಮೆರಾ ಇದೆ. ಇಲ್ಲದ್ದು ಕೂತು ಕೇಳುವ ವ್ಯವಧಾನ.

ಹೆಸರಿನ ಪ್ರಶ್ನೆಯನ್ನು ನಾನು ಬಹಳ ಮುಖ್ಯವೆಂದು ತಿಳಿಯುತ್ತೇನೆ. ಸೃಜನಶೀಲತೆಯ ಚರ್ಚೆ ನಿಲ್ಲಬೇಕಾದ್ದು ಅಲ್ಲೇ. ಅಣಿ ಕಟ್ಟುವುದು ಕಲೆ, ಮುಖದ ಗೆರೆ ಕಲೆ, ಪಾಡ್ದನವನ್ನು ನೆನಪಿನಿಂದ ಹೆಣೆಯುವುದು ಕಲೆ, ಎದುರಿಗಿರುವ ಮನೆಯ ಸಂಕಟಕ್ಕೆ ತಕ್ಕ ನುಡಿಯನ್ನು ಆ ಗಳಿಗೆಯಲ್ಲೇ ಕಟ್ಟುವುದು ಎಲ್ಲಕ್ಕಿಂತ ದೊಡ್ಡ ಕಲೆ. ಇವೆಲ್ಲ ಬಲ್ಲವನ ಹೆಸರು ರೀಲ್ಸ್‌ನಲ್ಲಿಲ್ಲ. ಅದನ್ನು ಹಿಡಿದು ಬಣ್ಣ ಹೆಚ್ಚಿಸಿ ಹಾಡು ಹಾಕಿದವನ ಹೆಸರಿದೆ. ವೀಕ್ಷಣೆಯಿಂದ ಬರುವ ಜಾಹೀರಾತಿನ ಹಣ, ಪ್ರಚಾರದ ಒಪ್ಪಂದ, ಅನುಯಾಯಿಗಳ ಬಲ ಎಲ್ಲವೂ ಅವನ ಪಾಲಿಗೆ. ರಾತ್ರಿಯಿಡೀ ಬೆಂಕಿಯ ಝಳದಲ್ಲಿ ಅಷ್ಟೆತ್ತರದ ಅಣಿ ಹೊತ್ತು ಕುಣಿದವನು ಬೆಳಿಗ್ಗೆ ಬೂಳ್ಯ ತೆಗೆದುಕೊಂಡು ಬಸ್ಸು ಹತ್ತುತ್ತಾನೆ.

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ನಿಂತ 42 ಅಡಿಯ ಗೊಮ್ಮಟನನ್ನು ಶಿಲ್ಪಿ ಕಲ್ಕುಡನೇ ಕಡೆದದ್ದೆಂದು ಪಾಡ್ದನ ಹೇಳುತ್ತದೆ. ಅಂಥದ್ದು ಇನ್ನೊಂದು ಎಲ್ಲೂ ಆಗಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಅಣ್ಣನ ಆ ಗತಿ ಕಂಡ ತಂಗಿ ಕಲ್ಲುರ್ಟಿ ಕೆರಳಿದಳು. ಇಬ್ಬರೂ ದೈವಗಳಾಗಿ ನ್ಯಾಯ ತೀರಿಸಿಕೊಂಡರು. ಕುಶಲಿಗೆ ಆದ ಅನ್ಯಾಯ ದೈವದ ಕೋಪಕ್ಕೆ ಕಾರಣವಾಗುತ್ತದೆ ಎಂದು ನಂಬಿದ ನಾಡು ಇದು. ಆ ಕಲ್ಕುಡನ ಕೋಲವನ್ನೇ, ಅದನ್ನು ಕಟ್ಟಿದವನ ಹೆಸರು ಅಳಿಸಿ ಹಂಚಿಕೊಳ್ಳುವುದು ನಮ್ಮ ಪಾಡ್ದನಕ್ಕೆ ನಾವೇ ಬಗೆಯುವ ದ್ರೋಹ.

ಇನ್ನೊಂದು ಬದಿಯನ್ನೂ ನ್ಯಾಯವಾಗಿ ಹೇಳಬೇಕು. ‘ಕಾಂತಾರ’ ಬಂದ ಕೆಲವೇ ವಾರಗಳಲ್ಲಿ, 2022ರ ಅಕ್ಟೋಬರ್‌ನಲ್ಲಿ, ರಾಜ್ಯ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ದಶಕಗಳ ವಿದ್ವತ್ ಲೇಖನಗಳಿಂದ ಆಗದ ಕೆಲಸ ಒಂದು ಸಿನಿಮಾ ಮತ್ತು ಅದರ ಸುತ್ತಲಿನ ಅಲೆಯಿಂದ ಆಯಿತು. ಹಿಂದೆ ಬೆಂಗಳೂರಿನ ಕಾಲೇಜುಗಳಲ್ಲಿ ಓದುತ್ತಿದ್ದ ತುಳು ಹುಡುಗರು ತಮ್ಮ ಮನೆಯಲ್ಲಿ ಭೂತ ಕಟ್ಟಿಸುತ್ತಾರೆ ಎಂದು ಹೇಳಲು ಹಿಂಜರಿಯುತ್ತಿದ್ದರು. ಅದು ಹಿಂದುಳಿದವರ ಮೂಢನಂಬಿಕೆ ಎಂಬ ತಾತ್ಸಾರ ಎದುರಾಗುತ್ತಿತ್ತು. ಇಂದು ಅದೇ ಮಕ್ಕಳು ಎದೆಯುಬ್ಬಿಸಿ ಹೇಳುತ್ತಾರೆ. ಮುಂಬೈಯಲ್ಲಿ, ಕೊಲ್ಲಿ ನಾಡುಗಳಲ್ಲಿ ಹುಟ್ಟಿದ ಮಕ್ಕಳು ಪರದೆಯ ಮೇಲೆ ತೆಂಬರೆಯ ಸದ್ದು ಕೇಳಿ, ಅದು ಏನೆಂದು ಅಜ್ಜಿಗೆ ಫೋನ್ ಮಾಡಿ ಕೇಳುತ್ತಾರೆ. ರಜೆ ಸಿಗದ ಮಗ ಮನೆಯ ನೇಮವನ್ನು ಯೂಟ್ಯೂಬ್ ನೇರಪ್ರಸಾರದಲ್ಲಿ ಕೈಮುಗಿದು ನೋಡುತ್ತಾನೆ. ಇವೆಲ್ಲ ನಿಜವಾದ ಲಾಭಗಳು. ತುಳುವಿಗೇ ಇಂಟರ್‌ನೆಟ್ ಹೊಸ ಬಲ ಕೊಟ್ಟಿದೆ. 2016ರಲ್ಲಿ ತುಳು ವಿಕಿಪೀಡಿಯ ಆರಂಭವಾಯಿತು, 2024ರಲ್ಲಿ ತುಳು–ತಿಗಳಾರಿ ಲಿಪಿ ಯುನಿಕೋಡ್ ಸೇರಿತು. ಸಂವಿಧಾನದ ಎಂಟನೆಯ ಪರಿಚ್ಛೇದ ಸೇರಲು ಇನ್ನೂ ಕಾಯುತ್ತಿರುವ ಭಾಷೆಗೆ ಇದು ಸಣ್ಣ ಮಾತಲ್ಲ.

ಆದರೆ ಈ ಹೊಸ ಹೆಮ್ಮೆಯ ಸ್ವರೂಪವನ್ನು ಪರೀಕ್ಷಿಸಬೇಕು. ದೈವದ ನಂಟು ಮೊದಲು ಒಂದು ನೆಲದ ನಂಟಾಗಿತ್ತು. ನಮ್ಮದು ಯಾವ ಕುಟುಂಬ, ಮೂಲಸ್ಥಾನ ಎಲ್ಲಿ, ನಾವು ನಂಬಿದ ದೈವ ಯಾವುದು, ವರ್ಷಕ್ಕೊಮ್ಮೆ ತಂಬಿಲ ಸೇವೆಗೆ ಹೋಗಿ ಮಾಡಬೇಕಾದ ಕೆಲಸ ಏನು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವುದೇ ಗುರುತಾಗಿತ್ತು. ಅದರಲ್ಲಿ ಚಪ್ಪರ ಹಾಕುವುದಿತ್ತು, ಸಿರಿ ಕಡಿದು ತರುವುದಿತ್ತು, ಜಗಳವಾಡಿದ ದಾಯಾದಿಯ ಪಕ್ಕದಲ್ಲೇ ಕೂತು ಉಣ್ಣುವುದಿತ್ತು. ಪರದೆಯ ಹೆಮ್ಮೆಗೆ ಇದಾವುದೂ ಬೇಕಿಲ್ಲ. ಪ್ರೊಫೈಲಿನಲ್ಲಿ ದೈವದ ಚಿತ್ರ ಹಾಕಿದರೆ ಸಾಕು. ಇನ್ನೊಬ್ಬರು ಏನಾದರೂ ಅಂದಾಗ ಕಮೆಂಟಿನಲ್ಲಿ ಬೈದರೆ ಅದೇ ಸೇವೆ ಎನಿಸಿಕೊಳ್ಳುತ್ತದೆ. ಕರ್ತವ್ಯದಿಂದ ಬಂದಿದ್ದ ಗುರುತು ಪ್ರದರ್ಶನದಿಂದ ಬರುವ ಗುರುತಾಗುತ್ತಿದೆ. ಪ್ರದರ್ಶನದ ಗುರುತಿಗೆ ಸದಾ ಒಬ್ಬ ಎದುರಾಳಿ ಬೇಕು. ಮುಸ್ಲಿಮರು ದೈವಗಳಾದ ಆಲಿ ಭೂತ, ಬಬ್ಬರ್ಯರಂಥ ಕಥೆಗಳಿರುವ ನಾಡಿನಲ್ಲಿ ಆ ಎದುರಾಳಿಯನ್ನು ಹುಡುಕುವುದು ದೈವಾರಾಧನೆಯ ಸ್ವಭಾವಕ್ಕೇ ವಿರುದ್ಧ.

ವೈವಿಧ್ಯವೂ ಸೊರಗುತ್ತಿದೆ. ಪಂಜುರ್ಲಿ ಎಂದರೆ ಒಂದೇ ಅಲ್ಲ. ಅಣ್ಣಪ್ಪ ಪಂಜುರ್ಲಿ, ಕುಪ್ಪೆ ಪಂಜುರ್ಲಿ, ಬಗ್ಗು ಪಂಜುರ್ಲಿ ಎಂದು ಊರೂರಿಗೆ ಹೆಸರು ಬೇರೆ, ಕಥೆ ಬೇರೆ, ನಡೆ ಬೇರೆ. ಸಿನಿಮಾದ ಹಾಡು ಪಂಜುರ್ಲಿಯನ್ನು ವರಾಹರೂಪಕ್ಕೆ ಜೋಡಿಸಿತು. ಅಂದಿನಿಂದ ಪಂಜುರ್ಲಿಯನ್ನು ವಿವರಿಸುವ ಬಹುತೇಕ ವಿಡಿಯೊಗಳು ಅದೊಂದೇ ಮಾತನ್ನು ಉರುಹೊಡೆದಂತೆ ಹೇಳುತ್ತವೆ. ಊರ ಅಜ್ಜಿ ಹೇಳುವ ಪಾಠ ತಪ್ಪು, ವಿಡಿಯೊ ಹೇಳಿದ್ದು ಸರಿ ಎಂದು ಮೊಮ್ಮಗ ವಾದಿಸುವ ಕಾಲ ಬಂದಿದೆ. ಕೋಲದ ಗದ್ದೆಯಲ್ಲಿ ಸಿನಿಮಾದ ಕೂಗನ್ನೇ ನಿರೀಕ್ಷಿಸುವ ನೋಡುಗ ಹುಟ್ಟಿಕೊಂಡಿದ್ದಾನೆ. ಆ ನಿರೀಕ್ಷೆಯ ಒತ್ತಡ ನಾಳೆ ದೈವ ಕಟ್ಟುವ ಹುಡುಗನ ಮೇಲೆ ಬೀಳದೆ ಇರುವುದಿಲ್ಲ.

ಇದರ ಪಾಪವನ್ನೆಲ್ಲ ಸಿನಿಮಾದ ತಲೆಗೆ ಕಟ್ಟುವುದು ತಪ್ಪು. ‘ಕಾಂತಾರ’ದಲ್ಲಿ ಒಂದು ಕಥೆಯಿದೆ. 1847ರಲ್ಲಿ ಅರಸನೊಬ್ಬ ಕೊಟ್ಟ ನೆಲ, ಅದನ್ನು ಕಿತ್ತುಕೊಳ್ಳಲು ಹೊಂಚುವ ಧಣಿ, ಕಾಡಿನ ಗಡಿ ಹಾಕುವ ಅರಣ್ಯ ಇಲಾಖೆ, ನಡುವೆ ಸಿಕ್ಕ ಜನ. ದೈವ ಬರುವುದು ಆ ಅನ್ಯಾಯದ ಉತ್ತರವಾಗಿ. ಕೊನೆಗೆ ಅದು ಕೈಗಳನ್ನು ಕೂಡಿಸುತ್ತದೆ. ಪಾಡ್ದನದ ಎಲುಬು ಆ ಚಿತ್ರದಲ್ಲಿ ಇದೆ. ರೀಲ್ಸ್ ಅದರ ಕೊನೆಯ ಆವೇಶವನ್ನಷ್ಟೇ ಕಿತ್ತುಕೊಂಡಿತು. ಆಮೇಲೆ ಮದುವೆ ಮನೆಯಲ್ಲಿ, ಕಾಲೇಜು ವಾರ್ಷಿಕೋತ್ಸವದಲ್ಲಿ, ಚಿತ್ರಮಂದಿರದ ಬಾಗಿಲಲ್ಲಿ ದೈವದ ವೇಷ ಹಾಕಿ ಕುಣಿಯುವುದು ಮೊದಲಾಯಿತು. 2025ರ ಅಕ್ಟೋಬರ್ 2ರಂದು ‘ಕಾಂತಾರ ಚಾಪ್ಟರ್ 1’ ಬಂದಾಗ ಇದು ಎಷ್ಟು ಹೆಚ್ಚಿತೆಂದರೆ, ದೈವಗಳನ್ನು ಅನುಕರಿಸಬೇಡಿ ಎಂದು ನಿರ್ಮಾಣ ಸಂಸ್ಥೆಯೇ ಕೆಲವು ದಿನಗಳಲ್ಲಿ ಬಹಿರಂಗ ಮನವಿ ಮಾಡಬೇಕಾಯಿತು. ತಾನು ಬಿಡುಗಡೆ ಮಾಡಿದ ಚಿತ್ರ ಪರದೆಗಳ ಲೋಕದಲ್ಲಿ ಏನಾಗುತ್ತದೆ ಎಂಬುದು ಅದನ್ನು ಮಾಡಿದವರ ಹಿಡಿತದಲ್ಲೂ ಇಲ್ಲ.

ಆರಾಧನೆ ಎಂದೂ ಬದಲಾಗದೆ ಇತ್ತೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾಗಿದೆ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗುತ್ತು ಬೀಡುಗಳ ಗೇಣಿ ಭೂಮಿ ಒಕ್ಕಲಿನ ಕೈಗೆ ಹೋಯಿತು, ಕೋಲದ ಖರ್ಚು ಹೊರುವವರು ಬದಲಾದರು. ಮುಂಬೈ ಹೋಟೆಲಿನ ದುಡ್ಡು, ಕೊಲ್ಲಿಯ ದುಡ್ಡು ಬಂತು. ದೊಂದಿಯ ಜಾಗಕ್ಕೆ ಟ್ಯೂಬ್‌ಲೈಟು ಬಂತು, ಮೈಕು ಬಂತು, ಫ್ಲೆಕ್ಸ್ ಬಂತು. ಒಕ್ಕಲಿನವನೇ ಗಡಿ ಹಿಡಿದ ಕಡೆಗಳೂ ಇವೆ, ಅದು ಒಳ್ಳೆಯ ಬದಲಾವಣೆ. ಬದಲಾವಣೆಯನ್ನೇ ವಿರೋಧಿಸುವವನು ನಾನಲ್ಲ. ಹಿಂದಿನ ಬದಲಾವಣೆಗಳನ್ನೆಲ್ಲ ಊರು ಕೂತು ಚರ್ಚಿಸಿತ್ತು, ಜಗಳವಾಡಿತ್ತು, ದೈವದ ಮುಂದೆ ಇಟ್ಟು ಕೇಳಿತ್ತು. ಈಗಿನ ಬದಲಾವಣೆಯನ್ನು ನಿರ್ಧರಿಸುತ್ತಿರುವುದು ಪಾಡ್ದನ ಎಂದರೇನೆಂದು ತಿಳಿಯದ, ತಿಳಿಯುವ ಅಗತ್ಯವೂ ಇಲ್ಲದ ಒಂದು ಲೆಕ್ಕಾಚಾರ. ಅದರೊಡನೆ ಊರು ಜಗಳವಾಡಲಾರದು. ನನ್ನ ಆಕ್ಷೇಪ ಇಷ್ಟೇ.

ಇದಕ್ಕೆ ಉತ್ತರವಾಗಿ ಅನೇಕ ದೈವಸ್ಥಾನಗಳು ಫೋಟೊ, ವಿಡಿಯೊ ನಿಷೇಧಿಸಿ ಫಲಕ ಹಾಕಿವೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ನುಡಿಯ ಹೊತ್ತಿನಲ್ಲಿ, ಒಂದು ಕುಟುಂಬದ ದುಃಖದ ಹೊತ್ತಿನಲ್ಲಿ ಮೊಬೈಲು ಕೆಳಗಿಳಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಪೂರ್ತಿ ನಿಷೇಧದಿಂದ ಒಂದು ಅಪಾಯವಿದೆ. ಫಲಕ ಕಂಡು ಹಿಂದೆ ಸರಿಯುವವನು ಶ್ರದ್ಧೆಯಿಂದ ದಾಖಲಿಸುವವನು. ಕದ್ದು ಹಿಡಿಯುವವನು ಹಿಡಿದೇ ಹಿಡಿಯುತ್ತಾನೆ. ಆಗ ಇಂಟರ್‌ನೆಟ್ಟಿನಲ್ಲಿ ಉಳಿಯುವುದು ಕದ್ದ ತುಣುಕುಗಳು ಮಾತ್ರ. ಪಾಡ್ದನ ಬಲ್ಲ ಮುದುಕಿಯರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅವರು ಹೋದ ಮೇಲೆ ನಮಗೆ ಹುಡುಕಿದರೂ ಸಿಗುವುದು ಬೆಂಕಿ ಮತ್ತು ಜಿಗಿತ ಅಷ್ಟೇ ಆದರೆ ಮುಂದಿನ ತಲೆಮಾರು ಅದನ್ನೇ ಕೋಲವೆಂದು ನಂಬುತ್ತದೆ.

ನನ್ನ ತೀರ್ಮಾನ ಹೀಗಿದೆ. ಕೋಲದ ರೀಲ್ಸ್ ಒಂದು ರೂಪವಾಗಿ ಸೋತಿದೆ. ಅದು ಜನಪ್ರಿಯವಾಗಿದೆ, ಕಣ್ಣಿಗೆ ಕಟ್ಟುತ್ತದೆ, ನಾಚಿಕೆಯನ್ನು ಹೆಮ್ಮೆಯಾಗಿ ಮಾಡಿದೆ. ಆದರೂ ತಾನು ತೋರಿಸುತ್ತೇನೆ ಎಂದ ವಸ್ತುವಿನ ಪ್ರಾಣವಾದ ಮಾತು, ನ್ಯಾಯ ಮತ್ತು ಮನುಷ್ಯರ ಹೆಸರನ್ನು ಬಿಟ್ಟುಕೊಟ್ಟಿದೆ. ಇದು ಇಂಟರ್‌ನೆಟ್ಟಿನ ಹಣೆಬರಹವೇನೂ ಅಲ್ಲ, ನಾವು ಅದನ್ನು ಬಳಸಿದ ರೀತಿ. ಬೇರೆ ರೀತಿಯಲ್ಲೂ ಬಳಸಬಹುದು, ಅದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ.

ವಿಡಿಯೊ ಹಾಕುವ ಗೆಳೆಯರಲ್ಲಿ ನನ್ನ ವಿನಂತಿ: ದೈವ ಕಟ್ಟಿದವರ ಒಪ್ಪಿಗೆ ಕೇಳಿ, ಅವರ ಹೆಸರು ಹಾಕಿ, ಊರಿನ ಹೆಸರು, ದೈವದ ಹೆಸರು ಸರಿಯಾಗಿ ಬರೆಯಿರಿ. ಅಲ್ಲಿಯ ಡೋಲು, ನಾಗಸ್ವರದ ಸದ್ದನ್ನು ಅಳಿಸಬೇಡಿ. ದುಡ್ಡು ಬಂದರೆ ಅವರಿಗೂ ಪಾಲು ಕೊಡಿ. ದೈವಸ್ಥಾನಗಳ ಆಡಳಿತ ನೋಡಿಕೊಳ್ಳುವವರು ಫಲಕ ಹಾಕಿ ಸುಮ್ಮನಾಗದೆ, ತಮ್ಮ ದೈವದ ಪಾಡ್ದನವನ್ನಾದರೂ ಪೂರ್ತಿಯಾಗಿ, ಹಾಡಿದವರ ಹೆಸರಿನೊಂದಿಗೆ ಒಮ್ಮೆ ದಾಖಲಿಸಲಿ. ತುಳು ಸಾಹಿತ್ಯ ಅಕಾಡೆಮಿ, ವಿಶ್ವವಿದ್ಯಾಲಯಗಳು ಆ ದಾಖಲೆಗಳನ್ನು ಒಂದೆಡೆ ಕೂಡಿಸಿ, ತುಳು ಮಾತಿನ ಪಠ್ಯ ಮತ್ತು ಕನ್ನಡ ಅನುವಾದದೊಂದಿಗೆ ಎಲ್ಲರಿಗೂ ಸಿಗುವಂತೆ ಮಾಡಲಿ. ನೋಡುವ ನಾವೂ ಒಂದು ಕೆಲಸ ಮಾಡಬಹುದು. ದೀಪಾವಳಿ ಕಳೆದ ಮೇಲೆ ಒಂದು ಕೋಲಕ್ಕೆ ಹೋಗಿ, ಮೊಬೈಲನ್ನು ಜೇಬಿನಲ್ಲೇ ಇಟ್ಟು, ಎಣ್ಣೆಬೂಳ್ಯದಿಂದ ಗಂಧಪ್ರಸಾದದ ತನಕ ಒಂದು ರಾತ್ರಿ ಪೂರ್ತಿ ಕೂತು ಕೇಳೋಣ. ದೈವ ಕಟ್ಟಿದವರ ಹೆಸರನ್ನು ಕೇಳಿ ತಿಳಿದುಕೊಂಡು ಬರೋಣ.